ಸೀನಿದ್ರ ಒಂದಕ್ಕ ಆಗೋದು ನನಗೊಬ್ಬಾಕಿಗೇ ಏನ್ರಿ?

ಪ್ರಶ್ನೆ: ಬ್ಯಾಡಗಿ ಕಡೆಯಾಕಿ

ನಮಸ್ಕಾರ್ರಿ ಎಲ್ಲಾರಿಗೂ. ಹೆಸರು ಹಾಕಿಲ್ಲ, ಯಾಕಂತ ಓದಿದ್ರ ತಿಳೀತದ. ನನಗ 44 ವರ್ಷ. ಮೂರು ಮಕ್ಕಳು, ಮೂರೂ ಸಾದಾ ಹೆರಿಗಿ. ಸುಗ್ಗಿ ದಿನದಾಗ ನಮ್ಮೂರಿಂದ ಹೆಣ್ಮಕ್ಕಳನ್ನ ಕರ್ಕೊಂಡು ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಸಾಕ ಹೋಗ್ತೀನಿ. ಯಾರು ಎಷ್ಟು ಕಿಲೋ ಬಿಡಿಸಿದ್ರು ಅನ್ನೋ ಲೆಕ್ಕದ ಪುಸ್ತಕ ನನ್ನ ಕೈಯಾಗನ ಇರ್ತದ.

ಮೆಣಸಿನಕಾಯಿ ರಾಶಿ ಮುಂದ ಕುಂತವರಿಗೆ ಗೊತ್ತು, ಘಾಟು ಹತ್ತಿತಂದ್ರ ಸೀನು ಒಂದಕ್ಕ ನಿಲ್ಲಂಗಿಲ್ಲ, ಸಾಲಾಗಿ ಐದಾರು ಬರ್ತಾವ. ಎರಡನೇದಕ್ಕೋ ಮೂರನೇದಕ್ಕೋ ನನಗ ತಡ್ಯಾಕ ಆಗಂಗಿಲ್ರಿ, ಸೀರಿ ಒದ್ದಿ ಆಗೇ ಬಿಡ್ತದ. ಹ್ವಾದ ಮಾರ್ಚಿನಾಗ ಒಂದಿನ ಎದ್ದು ನೋಡಿದ್ರ, ಕುಂತಿದ್ದ ಗೋಣಿಚೀಲದ ಮ್ಯಾಲ ಅಂಗೈಯಷ್ಟು ಒದ್ದಿ, ಅದಕ್ಕ ಕೆಂಪು ಪುಡಿ ಮೆತ್ಕೊಂಡಿತ್ತು. ಪುಸ್ತಕ ಅದರ ಮ್ಯಾಲ ಇಟ್ಟು ನಿಂತೆ. ಆಮ್ಯಾಲ ಮುಂಜಾನಿ ಚಾ ಕುಡಿದದ್ದ ಬಿಟ್ರ ಸಂಜಿ ತನಕ ನೀರ ಮುಟ್ಟೋದು ಬಿಟ್ಟೆ. ಹದಿನೈದು ದಿನಕ್ಕ ಉರಿ ಶುರು ಆತು, ಒಂದಕ್ಕ ಹ್ವಾದ್ರ ಬೆಂಕಿ ಬಿದ್ದಂಗ. ಮನ್ಯಾಗ ಎಲ್ಲಾರೂ ಉಷ್ಣ ಅಂದ್ರು, ಜೀರಗಿ ನೀರು ಕುಡಿಸಿದ್ರು. ಕಡಿಗೆ ದವಾಖಾನಿಗೆ ಹೋಗಿ ಗುಳಿಗಿ ತಗೊಂಡೆ, ಉರಿ ಹೋತು. ಸೀನಿದಾಗ ಸೋರೋದನ್ನ ಹೇಳಿದ್ರ ಅಲ್ಲಿಯವರು ತಲಿ ಎತ್ತಲಾರದ "ವಯಸ್ಸಾತು, ಮೂರು ಹೆರಿಗಿ ಆಗ್ಯಾವ, ಹಂಗ ಇರ್ತದ" ಅಂದ್ರು.

ಈ ವರ್ಷ ನನ್ನ ಬಾಜೂ ಕುಂತಿದ್ದ ಅಜ್ಜಿ ಒಬ್ರು ಏನೂ ಮಾತಾಡಲಾರದ ತಮ್ಮ ಟವೆಲ್ ನಾಕು ಮಡಿಕಿ ಮಾಡಿ ನನ್ನ ಕಡೆ ಸರಿಸಿದ್ರು. "ನನಗೂ ಹಂಗ, ತಂಗೀ" ಅಂದ್ರು. ಅವತ್ತಿಂದ ಕಣ್ಣಿಟ್ಟು ನೋಡಾಕತ್ತೀನಿ. ಘಾಟು ಎದ್ದಾಗ ಸಾಲಿನಾಗ ಎಷ್ಟು ಮಂದಿ ತೊಡಿ ಬಿಗಿ ಹಿಡೀತಾರ! ಇದು ಎಷ್ಟು ಮಂದಿ ಹೆಣ್ಮಕ್ಕಳಿಗೆ ಇರ್ತದ್ರಿ? ಹಿಂಗ ಇರಬೇಕೇನು?

ಉತ್ತರ: ಹುಬ್ಬಳ್ಳಿ, ಫಿಸಿಯೋಥೆರಪಿ ಕೆಲಸದಾಕಿ

ಅಕ್ಕಾರ, ನೀವು ಒಬ್ಬರೇ ಅಲ್ಲ. 2006ರಾಗ ಕೆನಡಾ, ಜರ್ಮನಿ, ಇಟಲಿ, ಸ್ವೀಡನ್, ಬ್ರಿಟನ್ ಐದು ದೇಶದ 19,000ಕ್ಕಿಂತ ಹೆಚ್ಚು ಜನರನ್ನ ಫೋನಿನಾಗ ಕೇಳಿ ಮಾಡಿದ ಅಧ್ಯಯನ ಪ್ರಕಟ ಆತು. ಹದಿನೆಂಟು ದಾಟಿದ ಹೆಂಗಸರಾಗ ನೂರಕ್ಕ ಸುಮಾರು 67 ಮಂದಿಗೆ ಮೂತ್ರಕ್ಕ ಸಂಬಂಧಪಟ್ಟ ಒಂದಾದರೂ ತೊಂದರಿ ಇತ್ತು: ರಾತ್ರಿ ಏಳೋದು, ಅವಸರ ಆಗೋದು, ಸೋರೋದು, ಪೂರಾ ಆಗಿಲ್ಲ ಅನಸೋದು. ನಾರ್ವೇದಾಗ ಬರೇ ಸೋರೋದನ್ನಷ್ಟ ಕೇಳಿದಾಗ, ಇಪ್ಪತ್ತು ದಾಟಿದ ಹೆಂಗಸರಾಗ ನಾಕರಾಗ ಒಬ್ಬರು ಹೌದು ಅಂದ್ರು. ಗಂಡಸರಿಗೂ ಮೂತ್ರದ ತೊಂದರಿ ಕಡಿಮಿ ಏನಿಲ್ಲ, ಆದ್ರ ಅವರು ಗಿಡದ ಮರಿಗೆ ಹೋಗಿ ಬರ್ತಾರ, ನಾವು ನೀರು ಕುಡಿಯೋದ ಬಿಡ್ತೀವಿ.

"ಹಂಗ ಇರ್ತದ" ಅನ್ನೋ ಮಾತು ನನಗ ಭಾಳ ಸಿಟ್ಟು ತರಸ್ತದ. ಭಾಳ ಮಂದಿಗೆ ಇರ್ತದ ಅನ್ನೋದು ಖರೆ. ತಡಕೊಂಡ ಇರಬೇಕು ಅನ್ನೋದು ಸುಳ್ಳು.

ಮೂತ್ರಚೀಲದ ಕೆಳಗ ಒಂದು ತೊಟ್ಲದಂಗ ಸ್ನಾಯು ಅದಾವ. ಹೆರಿಗ್ಯಾಗ ಅವು ಹಿಗ್ಗಿ ಸಡಿಲ ಆಗ್ತಾವ. ಸೀನಿದಾಗ, ಕೆಮ್ಮಿದಾಗ, ಚೀಲ ಎತ್ತಿದಾಗ ಹೊಟ್ಟಿ ಒತ್ತಡ ಒಮ್ಮೆಲೆ ಕೆಳಗ ಬೀಳ್ತದ, ಸಡಿಲ ಸ್ನಾಯು ಮುಚ್ಚಿ ಹಿಡ್ಯಾಕ ಆಗಂಗಿಲ್ಲ. ನಿಮ್ಮದು ಅದ ಜಾತಿದು. ಇದಕ್ಕ ಮೊದಲ ಔಷಧ ಅಂದ್ರ ವ್ಯಾಯಾಮ. ಗಾಳಿ ಹೋಗದಂಗ ಹಿಂದಿನ ದಾರಿ ಬಿಗಿ ಹಿಡೀತೀವಲ್ಲ, ಹಂಗ ಹಿಂದಿಂದೂ ಮುಂದಿಂದೂ ಕೂಡಿಸಿ ಒಳಗ, ಮ್ಯಾಲಕ್ಕ ಎಳೀರಿ. ಹೊಟ್ಟಿ, ಕುಂಡಿ, ತೊಡಿ ಬಿಗಿ ಮಾಡಬ್ಯಾಡ್ರಿ, ಉಸಿರು ಹಿಡೀಬ್ಯಾಡ್ರಿ. ಐದಾರು ಎಣಿಸಿ ಬಿಡ್ರಿ. ಪೂರಾ ಸಡಿಲ ಬಿಡೋದೂ ಅಷ್ಟ ಮುಖ್ಯ. ಒಂದು ಸಲಕ್ಕ ಎಂಟು, ದಿನಕ್ಕ ಮೂರು ಸಲ, ಕನಿಷ್ಠ ಮೂರು ತಿಂಗಳು. ಒಂದು ವಾರಕ್ಕ ಏನೂ ತಿಳ್ಯಂಗಿಲ್ಲ, ಅದಕ್ಕ ಭಾಳ ಮಂದಿ ಬಿಟ್ಟು ಬಿಡ್ತಾರ. ಒಂದಕ್ಕ ಹೋಗುವಾಗ ನಡುವ ತಡದು ನೋಡೋದು ಮಾತ್ರ ರೂಢಿ ಮಾಡಬ್ಯಾಡ್ರಿ.

ಮೆಣಸಿನಕಾಯಿ ಮುಂದ ಕುಂತಾಗ ಒಂದು ಕೆಲಸ ಮಾಡ್ರಿ. ಮೂಗು ಚುರ್ ಅಂದ ಕೂಡ್ಲೆ, ಸೀನು ಬರೋಕಿಂತ ಮೊದ್ಲ, ಆ ಸ್ನಾಯು ಬಿಗಿ ಹಿಡೀರಿ. ಸೀನು ಮುಗಿದ ಮ್ಯಾಲ ಬಿಡ್ರಿ.

ನೀರು ಕುಡಿಯೋದು ಬಿಡಬ್ಯಾಡ್ರಿ. ನಮ್ಮ ಮೂತ್ರನಾಳ ಬರೇ ನಾಕು ಸೆಂಟಿಮೀಟರ್ ಉದ್ದ. ಕ್ರಿಮಿ ಒಳಗ ಹೋಗಾಕ ದಾರಿ ದೂರ ಇಲ್ಲ. ನೀರಿಲ್ಲದ, ಗಂಟೆಗಟ್ಟಲೆ ತಡಕೊಂಡ ಕುಂತ್ರ ಅದನ್ನ ತೊಳದು ಹೊರಗ ಹಾಕೋರು ಯಾರು? ಹೆಂಗಸರಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವನದಾಗ ಒಮ್ಮೆಯಾದ್ರೂ ಈ ಮೂತ್ರದ ಸೋಂಕು ಆಗ್ತದ. ಮತ್ತ ಉರಿ ಬಂದ್ರ ಹಳೇ ಚೀಟಿ ಗುಳಿಗಿ ನುಂಗಬ್ಯಾಡ್ರಿ, ಮೂತ್ರ ಪರೀಕ್ಷೆ ಮಾಡಸ್ರಿ. ಚಳಿ ಜ್ವರ, ಬೆನ್ನಿನ ಬಾಜೂ ನೋವು ಅಥವಾ ರಕ್ತ ಕಂಡ್ರ ಅವತ್ತ ಹೋಗ್ರಿ.

ಉತ್ತರ: ಬೆಟಗೇರಿ, ನಿವೃತ್ತ ಶಿಕ್ಷಕಿ

ನಂದು ಬ್ಯಾರೆ ಥರಾರಿ ತಂಗೀ. ಸೀನಿದ್ರ ಏನೂ ಆಗಂಗಿಲ್ಲ, ಆದ್ರ ಮನಿ ಬಾಗಲಕ್ಕ ಕೀಲಿ ಹಾಕಿ ತಿರುವುದ್ರೊಳಗ ಅವಸರ ಆಗಿ ಹೊಸ್ತಿಲದಾಗನ ಆಗಿಬಿಡ್ತಿತ್ತು. ಸಾಲ್ಯಾಗ ಮೂವತ್ತು ವರ್ಷ ಗಂಟೆ ಹೊಡಿಯೂ ತನಕ ತಡದಾಕಿ ನಾನು. ಹಿಂಗಾದಾಗ ಯಾರ ಮುಂದ ಹೇಳಲಿ?

ಸ್ತ್ರೀರೋಗ ತಜ್ಞರು ಮೂರು ದಿನ ಬರೀರಿ ಅಂದ್ರು: ಯಾವಾಗ ಹ್ವಾದ್ರಿ, ಎಷ್ಟು ಕುಡಿದ್ರಿ, ಯಾವಾಗ ಸೋರ್ತು. ಬರದು ನೋಡಿದ್ರ ದಿನಕ್ಕ ಹದಿಮೂರು ಸಲ ಹೋಗಿದ್ದೆ, ಆರು ಕಪ್ಪು ಚಾ ಕುಡಿದಿದ್ದೆ. "ಹೊರಗ ಹೊಂಟೀನಿ, ಒಮ್ಮೆ ಹೋಗಿ ಬರ್ತೀನಿ" ಅಂತ ಬ್ಯಾಡಾಗಿದ್ರೂ ಹೋಗೋ ಚಟ ಬಿಡಿಸಿದ್ರು. ಅವಸರ ಆದಾಗ ಓಡಬಾರದು, ನಿಂತು ಬಿಗಿ ಹಿಡಿದು ಅದು ಇಳಿದ ಮ್ಯಾಲ ನಡಕೊಂಡು ಹೋಗಬೇಕು. ಮೊದಲ ಐದು ನಿಮಿಷ ತಡೀಬೇಕು, ಆಮ್ಯಾಲ ಹತ್ತು. ಮುಟ್ಟು ನಿಂತ ಮ್ಯಾಲ ಒಳಗ ಒಣಗ್ತದಂತ, ಅದಕ್ಕ ಹಚ್ಚೋ ಮುಲಾಮು ಕೊಟ್ರು. ಎರಡು ತಿಂಗಳಿಗೆ ಏಳೆಂಟು ಸಲಕ್ಕ ಬಂತು. ಹೊಸ್ತಿಲ ದಾಟ್ತೀನಿ ಈಗ.

ಉತ್ತರ: ಧಾರವಾಡದಿಂದ

ನಾನು ಗಂಡಸು, ನಡುವ ಬಂದದ್ದಕ್ಕ ಕ್ಷಮಿಸ್ರಿ. ಅವ್ವ ರಾತ್ರಿ ನಾಕೈದು ಸಲ ಏಳ್ತಾಳ. ಹ್ವಾದ ವಾರ ಬಚ್ಚಲದಾಗ ಕಾಲು ಜಾರಿ ಬಿದ್ಲು. ಎಂದೂ ಹೇಳಿರಲಿಲ್ಲ, ಈ ಚರ್ಚೆ ಓದಿದ ಮ್ಯಾಲ ನಾನ ಕೇಳಿದೆ.

ಉತ್ತರ: ಹುಬ್ಬಳ್ಳಿ, ಫಿಸಿಯೋಥೆರಪಿ ಕೆಲಸದಾಕಿ

ಅಣ್ಣಾರ, ಕೇಳಿದ್ದು ಭಾಳ ಚಲೋ ಆತು. ಆ ಐದು ದೇಶದಾಗೂ ಎಲ್ಲಕ್ಕಿಂತ ಹೆಚ್ಚು ಕಂಡಿದ್ದು ರಾತ್ರಿ ಏಳೋದನ. ಅವ್ವಾರ ಸಕ್ಕರಿ ಪರೀಕ್ಷೆ ಮಾಡಸ್ರಿ. ಬಿಪಿ ಗುಳಿಗ್ಯಾಗ ಮೂತ್ರ ಹೆಚ್ಚು ಮಾಡೋದು ಇದ್ರ, ಮುಂಜಾನೆ ಕೊಡಬಹುದೇನು ಅಂತ ಡಾಕ್ಟರಿಗೆ ಕೇಳ್ರಿ, ನೀವ ಬದಲಿ ಮಾಡಬ್ಯಾಡ್ರಿ. ಬಚ್ಚಲ ದಾರಿಗೆ ಇವತ್ತ ಒಂದು ಸಣ್ಣ ದೀಪ ಹಾಕ್ರಿ.

ಬ್ಯಾಡಗಿ ಕಡೆಯಾಕಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಲೆಕ್ಕದ ಪುಸ್ತಕದ ಹಿಂದಿನ ಹಾಳಿಯಾಗ ಮೂರು ದಿನ ಬರದೆ. ಮುಂಜಾನಿ ಆರರಿಂದ ಸಂಜಿ ಐದರ ತನಕ ಕುಡಿದದ್ದು ಒಂದು ಕಪ್ಪು ಚಾ, ಅರ್ಧ ತಂಬಿಗಿ ನೀರು. ಬರದು ನೋಡೂ ತನಕ ನನಗ ಗೊತ್ತಿರಲಿಲ್ಲ.

ಹುಬ್ಬಳ್ಳಿ ಅಕ್ಕಾರು ಹೇಳಿದ ಬಿಗಿ ಹಿಡಿಯೋದನ್ನ ನಿನ್ನೆ ಸಾಲಿನಾಗ ಎಲ್ಲಾರಿಗೂ ಹೇಳಿದೆ. ಮೊದಲ ಯಾರೂ ತಲಿ ಎತ್ತಲಿಲ್ಲ. ಆಮ್ಯಾಲ ಅಜ್ಜಿ "ಎಷ್ಟು ಎಣಸ್ಬೇಕು ತಂಗೀ?" ಅಂತ ಕೇಳಿದ್ರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹದಿನಾಕು ಮಂದ್ಯಾಗ ಒಂಬತ್ತು ಮಂದಿ ತಮ್ಮದೂ ಹೇಳ್ಕೊಂಡ್ರು. ಹೆಣ್ಮಕ್ಕಳಿಗೆ ಕುಂತಲ್ಲೆ ಹತ್ರ ಒಂದು ಪಾಯಖಾನಿ ಬೇಕಂತ ನಾಳೆ ಅಂಗಡಿ ಸಾಹುಕಾರ್ರಿಗೆ ಕೇಳೋರದೀವಿ, ಹದಿನಾಕೂ ಮಂದಿ ಕೂಡಿ.