ಒಂದೇ ಬುಲೆಟ್, ಹೊಸ ಲಾಟ್: ಉದ್ದ ಒಂದಕ್ಕೊಂದು ಹೊಂದುತ್ತಿಲ್ಲ

ಗುರಿಗಾರ

ನಮಸ್ಕಾರ ಎಲ್ಲರಿಗೂ. .308 ರೈಫಲ್‌ಗೆ ಕಾರ್ಟ್ರಿಜ್ ನಾನೇ ಲೋಡ್ ಮಾಡುತ್ತೇನೆ, 168 ಗ್ರೇನ್‌ನ (ಸುಮಾರು 10.9 ಗ್ರಾಂ) ಹಾಲೋ ಪಾಯಿಂಟ್ ಬೋಟ್ ಟೇಲ್ (ತುದಿಯಲ್ಲಿ ತೂತು, ಹಿಂಬದಿ ಸಪೂರ) ಬುಲೆಟ್ ಬಳಸುತ್ತೇನೆ. ಹಳೇ ಡಬ್ಬಿ ಮುಗಿಯುತ್ತಾ ಬಂತು ಅಂತ ಅದೇ ಕಂಪನಿಯ ಅದೇ ಬುಲೆಟ್ ಮತ್ತೆ ತಂದೆ, ಲಾಟ್ ನಂಬರ್ (ಒಂದೇ ಸಲ ತಯಾರಾದ ಬುಲೆಟ್‌ಗಳ ಗುರುತು) ಮಾತ್ರ ಬೇರೆ. ಬುಲೆಟ್ಟನ್ನು ಹಿತ್ತಾಳೆ ಕೇಸ್ ಒಳಗೆ ಒತ್ತಿ ಕೂರಿಸುವ ಸೀಟಿಂಗ್ ಡೈನ ಸೆಟ್ಟಿಂಗ್ ಮುಟ್ಟಿಲ್ಲ. ಆದರೂ ಲೋಡ್ ಮಾಡಿದ ಕಾರ್ಟ್ರಿಜ್‌ಗಳ ಒಟ್ಟು ಉದ್ದದಲ್ಲಿ 0.3 ಮಿ.ಮೀ. ತನಕ ಏರುಪೇರು. ಬರೀ ಬುಲೆಟ್ ಅಳೆದರೂ ಅಷ್ಟೇ. ತೂಕ 167.8ರಿಂದ 168.2 ಗ್ರೇನ್. ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬಿದ್ದ ಹರವು) ಮೊದಲಿಗಿಂತ ಅಗಲವಾಗಿದೆ. ಡಬ್ಬಿ ವಾಪಸ್ ಮಾಡಲಾ, ಡೈ ಸರಿ ಮಾಡಲಾ?

ಅಳತೆಗೋಲು

ಎರಡೂ ಬೇಡ, ಸ್ವಲ್ಪ ತಡೆಯಿರಿ. ನೀವು ತುದಿಯಿಂದ ಬುಡಕ್ಕೆ ಅಳೆಯುತ್ತಿದ್ದೀರಿ ಅಲ್ವಾ? ಹಾಲೋ ಪಾಯಿಂಟ್ ಬುಲೆಟ್‌ಗೆ ಆ ಅಳತೆ ನಂಬಬೇಡಿ. ಜಾಕೆಟ್‌ನ (ಬುಲೆಟ್‌ನ ಹೊರಗಿನ ಲೋಹದ ಕವಚದ) ಬಾಯಿಯನ್ನು ಕೊನೆಗೆ ಒತ್ತಿ ಮುಚ್ಚುವುದೇ ಆ ತುದಿಯಲ್ಲಿ. ಅದು ಯಾವತ್ತೂ ಒಂದೇ ಸಮ ಬರುವುದಿಲ್ಲ. ಒಂದರದ್ದು ಮೊಂಡು, ಇನ್ನೊಂದರದ್ದು ಚೂರು ಹರಿದ ಹಾಗೆ. 0.3 ಮಿ.ಮೀ. ಅಂದರೆ ಸುಮಾರು 0.012 ಇಂಚು, ಒಳ್ಳೇ ಮ್ಯಾಚ್ ಬುಲೆಟ್‌ಗಳಲ್ಲೂ ಇದು ಕಾಣುತ್ತದೆ.

ಸೀಟಿಂಗ್ ಡೈನ ಒಳಗಿನ ಕಡ್ಡಿ ತುದಿಯನ್ನು ಮುಟ್ಟುವುದಿಲ್ಲ, ತುದಿಯಿಂದ ಸ್ವಲ್ಪ ಕೆಳಗೆ ಮೂತಿಯ ಬಾಗಿದ ಭಾಗವನ್ನು ಹಿಡಿದು ಒತ್ತುತ್ತದೆ. ಹಾಗಾಗಿ ಡೈ ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದರೂ ಒಟ್ಟು ಉದ್ದ ಏರುಪೇರಾಗುತ್ತದೆ. ಕಾರ್ಟ್ರಿಜ್ ಮ್ಯಾಗಜೀನ್‌ನಲ್ಲಿ ಕೂರುತ್ತದಾ, .308 ವಿಂಚೆಸ್ಟರ್‌ನ ಗರಿಷ್ಠ 71.12 ಮಿ.ಮೀ. ಒಳಗಿದೆಯಾ ಅಂತ ನೋಡುವುದಕ್ಕೆ ಆ ಅಳತೆ ಸಾಕು.

ಕ್ಯಾಲಿಪರ್‌ಗೆ ಕಂಪೇರೇಟರ್ (ಬುಲೆಟ್‌ನ ಮೂತಿ ಕೂರುವ ತೂತಿರುವ ಜೋಡಣೆ) ಹಾಕಿ ಬುಡದಿಂದ ಓಜೈವ್ (ಮೂತಿಯ ಬಾಗಿದ ಭಾಗ) ತನಕ ಅಳೆಯಿರಿ. ಬ್ಯಾರೆಲ್‌ನ ರೈಫ್ಲಿಂಗ್ (ಒಳಗಿನ ಸುರುಳಿ ಗೀರುಗಳು) ಬುಲೆಟ್ಟನ್ನು ಮೊದಲು ಮುಟ್ಟುವುದು ಹೆಚ್ಚುಕಡಿಮೆ ಆ ಜಾಗದಲ್ಲೇ. ಆದರೆ ಅದಕ್ಕೂ ಮೊದಲು ಒಂದೇ ಬುಲೆಟ್ ಎತ್ತಿಕೊಂಡು, ತಿರುಗಿಸಿ ತಿರುಗಿಸಿ ಹಲವು ಸಲ ಅಳೆಯಿರಿ. ಒಂದೇ ಬುಲೆಟ್ 0.02 ಮಿ.ಮೀ. ಅತ್ತಿತ್ತ ತೋರಿಸಿದರೆ ಅದು ನಿಮ್ಮ ಕೈಯ ಮತ್ತು ಕ್ಯಾಲಿಪರ್‌ನ ಮಿತಿ. ಅದಕ್ಕಿಂತ ಸಣ್ಣ ವ್ಯತ್ಯಾಸ ಹಿಡಿದು ಬುಲೆಟ್ ಬೇರೆ ಮಾಡುವುದು ಸುಮ್ನೆ ಶ್ರಮ.

ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 168ರಲ್ಲಿ 0.4 ಗ್ರೇನ್ ಅಂದರೆ ಕಾಲು ಶೇಕಡಾ ಕೂಡ ಇಲ್ಲ. ತಕ್ಕಡಿಯೇ 0.1 ಗ್ರೇನ್ ತೋರಿಸುವಂಥದ್ದಾದರೆ ಆ ಏರುಪೇರಿನಲ್ಲಿ ಅದರದ್ದೂ ಪಾಲಿದೆ.

ಹಿತ್ತಾಳೆ_ಕೇಸ್

ವ್ಯಾಸವನ್ನೂ ನೋಡಿ, ಆದರೆ ಮೈಕ್ರೋಮೀಟರ್‌ನಲ್ಲಿ. 0.308 ಇಂಚಿನಲ್ಲಿ ಹುಡುಕಬೇಕಾದ ವ್ಯತ್ಯಾಸ ನಾಲ್ಕನೇ ದಶಮಾಂಶದಲ್ಲಿರುತ್ತದೆ, ಕ್ಯಾಲಿಪರ್‌ಗೆ ಅದು ಸಿಗುವುದಿಲ್ಲ. ಗ್ರೂಪ್ ಅಗಲವಾಯಿತು ಅಂದಿರಲ್ಲ, ಎಷ್ಟು ಗುಂಡಿನ ಗ್ರೂಪ್? ಮೂರು ಗುಂಡಿನದ್ದಾದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಳೇ ಲಾಟ್ ಹತ್ತು, ಹೊಸ ಲಾಟ್ ಹತ್ತು, ಒಂದೇ ದಿನ ಹೊಡೆದು ಹೋಲಿಸಿ.

ಗುರಿಗಾರ

ಕಂಪೇರೇಟರ್ ಸಿಕ್ಕಿತು, ಅಳೆದೆ. ಉಳಿದಿದ್ದ ಹಳೇ ಬುಲೆಟ್‌ಗಳೆಲ್ಲ 0.03 ಮಿ.ಮೀ. ಒಳಗೆ ಇವೆ. ಹೊಸ ಡಬ್ಬಿಯಲ್ಲಿ ಮಾತ್ರ ಅಳತೆಗಳು ಎರಡು ಗುಂಪಾಗಿವೆ, ನಡುವೆ ಸುಮಾರು 0.1 ಮಿ.ಮೀ. ಅಂತರ, ಮಧ್ಯದಲ್ಲಿ ಒಂದೂ ಇಲ್ಲ. ವ್ಯಾಸ ಎರಡರಲ್ಲೂ ಒಂದೇ. ಗ್ರೂಪ್ ಐದು ಗುಂಡಿನದು. ಇನ್ನೊಂದು ಅನುಮಾನ, ಗೆಳೆಯರೊಬ್ಬರ ಕಂಪೇರೇಟರ್‌ನಲ್ಲಿ ಇದೇ ಬುಲೆಟ್‌ಗಳು ಬೇರೆ ಸಂಖ್ಯೆ ತೋರಿಸುತ್ತವೆ. ಯಾವುದು ಸರಿ?

ಅಳತೆಗೋಲು

ಎರಡೂ ಸರಿ. ಕಂಪೇರೇಟರ್‌ನ ತೂತು ಕೂದಲೆಳೆ ದೊಡ್ಡದಾದರೂ ಬುಲೆಟ್ಟನ್ನು ಬೇರೆ ಜಾಗದಲ್ಲಿ ಹಿಡಿಯುತ್ತದೆ. ಆ ಸಂಖ್ಯೆ ನಿಮ್ಮ ಬುಲೆಟ್‌ಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ, ಬೇರೆಯವರ ಸಂಖ್ಯೆ ತಂದು ಡೈ ಸೆಟ್ ಮಾಡಬಾರದು.

ಎರಡು ಗುಂಪು ಕಂಡಿದ್ದು ಒಳ್ಳೇದೇ ಆಯಿತು, ಈಗ ಕಾರಣ ಹುಡುಕಲು ಜಾಗ ಸಿಕ್ಕಿತು. ಕಾರ್ಖಾನೆಯಲ್ಲಿ ಬುಲೆಟ್‌ಗೆ ಆಕಾರ ಕೊಡುವ ಒಂದಕ್ಕಿಂತ ಹೆಚ್ಚು ಡೈಗಳಿಂದ (ಅಚ್ಚುಗಳಿಂದ) ಬಂದ ಬುಲೆಟ್ ಒಂದೇ ಡಬ್ಬಿಗೆ ಸೇರಿದರೆ ಹೀಗೇ ಕಾಣುತ್ತದೆ. ಪ್ರತಿ ಗುಂಪಿನ ಒಳಗೆ ಸಮ ಇದ್ದರೆ ಬುಲೆಟ್ ಕೆಟ್ಟದ್ದಲ್ಲ. ಬೇರೆ ಬೇರೆ ಡಬ್ಬಿಗೆ ಹಾಕಿ, ಗುರುತು ಬರೆಯಿರಿ, ಎರಡನ್ನೂ ಬೆರೆಸಿ ಹೊಡೆಯಬೇಡಿ. ಲೋಡ್ ಮಾಡಿದ ಮೇಲೆ ಕಾರ್ಟ್ರಿಜ್‌ನ ಬುಡದಿಂದ ಓಜೈವ್ ತನಕವೂ ಅಳೆಯಿರಿ. ಡೈ ಕಡ್ಡಿ ಹಿಡಿಯುವ ಜಾಗ ಬೇರೆ, ಕಂಪೇರೇಟರ್ ಹಿಡಿಯುವ ಜಾಗ ಬೇರೆ. ಮೂತಿಯ ಆಕಾರ ಬದಲಾಗಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ. ಹೊಸ ಲಾಟ್‌ನ ಬುಲೆಟ್ ಕೇಸ್ ಒಳಗೆ ಜಾಸ್ತಿ ಇಳಿದರೂ, ಬ್ಯಾರೆಲ್‌ಗೆ ಒತ್ತುವ ನೇರ ಭಾಗ ಉದ್ದವಾದರೂ, ರೈಫ್ಲಿಂಗ್‌ಗೆ ತಾಗುವಷ್ಟು ಮುಂದೆ ಬಂದರೂ ಒತ್ತಡ ಏರಬಹುದು. ನಿಮ್ಮ ಹಳೇ ಲೋಡ್ (ಮದ್ದಿನ ಪ್ರಮಾಣ) ಗರಿಷ್ಠದ ಹತ್ತಿರ ಇದ್ದರೆ ಹಾಗೇ ಮುಂದುವರಿಸಬೇಡಿ, ಬುಲೆಟ್ ಕಂಪನಿಯ ಕೈಪಿಡಿ ಹೇಳುವ ಆರಂಭದ ಅಳತೆಗೆ ಇಳಿದು ಮತ್ತೆ ಮೇಲೆ ಬನ್ನಿ.

ಹೊಸಬ_ಬೆಂಚು

ನಡುವೆ ಬಾಯಿ ಹಾಕುತ್ತಿದ್ದೇನೆ, ತುದಿಗಳನ್ನು ಕತ್ತರಿಸಿ ಸಮ ಮಾಡುವ ಟೂಲ್ ಇದೆಯಲ್ಲ, ಅದು ಬಳಸಿದರೆ ಆಗಲ್ವಾ?

ಹಿತ್ತಾಳೆ_ಕೇಸ್

ತುದಿ ಸಮ ಆಗುತ್ತದೆ, ಗಾಳಿಯ ತಡೆ ಒಂದೇ ಥರ ಆಗುತ್ತದೆ, ಆದರೆ ತಡೆ ಸ್ವಲ್ಪ ಹೆಚ್ಚುತ್ತದೆ ಕೂಡ. ತುಂಬಾ ದೂರ ಹೊಡೆಯುವವರಿಗೆ ಅದರ ಲಾಭ ಕಾಣಬಹುದು. ಗುರಿಗಾರರ ಈ ಸಮಸ್ಯೆಗೆ ಅದು ಮದ್ದಲ್ಲ, ಓಜೈವ್‌ನ ಅಂತರ ಹಾಗೇ ಉಳಿಯುತ್ತದೆ. ಗುರಿಗಾರರೇ, ಎರಡೂ ಗುಂಪಿನಿಂದ ಹತ್ತು ಹತ್ತು ಹೊಡೆದ ಮೇಲೆ ವೇಗದ ಅಳತೆಯನ್ನೂ ಇಲ್ಲಿ ಹಾಕಿ, ಕ್ರೋನೋಗ್ರಾಫ್ ಇದ್ದರೆ.