ಎಲ್ಲಾ ಲೆನ್ಸ್ ಮಾರಿ ಒಂದೇ 50 ಎಂಎಂ ಇಟ್ಟುಕೊಳ್ಳಲೇ? ಹಾಗೆ ಮಾಡಿದವರು ಅನುಭವ ಹೇಳಿ

ಗಿಜಿಗಿಜಿ: ನನ್ನ ಹತ್ತಿರ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆ ಬಂದ ಝೂಮ್), ದೂರದ್ದನ್ನು ಹತ್ತಿರ ತೋರಿಸುವ 70-200 ಝೂಮ್ ಮತ್ತು ಝೂಮ್ ಆಗದ ಒಂದು 50 ಎಂಎಂ ಇವೆ. ನಾನು ತೆಗೆದ ಯಾವ ಫೋಟೋ ನೋಡಿದರೂ ಸಾಮಾನು ತುಂಬಿದ ಹಾಗಿರುತ್ತದೆ. ಒಂದೇ ಮರ, ಸುತ್ತ ಬರೀ ಆಕಾಶ, ಅಂಥದ್ದು ತೆಗೆಯಬೇಕು. ಝೂಮ್ ಎರಡನ್ನೂ ಮಾರಿ 50 ಮಾತ್ರ ಇಟ್ಟುಕೊಂಡರೆ ಕಣ್ಣು ಪಳಗುತ್ತದೆ ಅಂತಾರೆ. ನಿಜವೇ?

ಐವತ್ತೇ ಸಾಕು: ನೂರಕ್ಕೆ ನೂರು ನಿಜ. ನಾನು 24-70, 70-200 ಎರಡನ್ನೂ ಮಾರಿದವನು. 70-200 ಎಫ್ 2.8 (ಎಫ್ ಅಂದರೆ ಬೆಳಕಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು) ಒಂದೇ ಸುಮಾರು ಒಂದೂವರೆ ಕಿಲೋ. 50 ಎಫ್ 1.8 ಇನ್ನೂರು ಗ್ರಾಂ ಕೂಡ ಇಲ್ಲ. ಮಾರುವಾಗ ಹೊಟ್ಟೆ ಉರಿಯಿತು ಅನ್ನೋದು ಸುಳ್ಳಲ್ಲ. ಕೊಳ್ಳಲು ಬಂದವನು ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು, ಒಳಗೊಂದು ಧೂಳಿನ ಕಣ ತೋರಿಸಿ ಬೆಲೆ ಇಳಿಸಿದ. ಹುಡ್‌ನಲ್ಲಿ ಗೀರು ಇದೆ ಅಂತ ಇನ್ನೊಂದಿಷ್ಟು ಇಳಿಸಿದ. ಬಾಕ್ಸ್ ಇಲ್ಲ ಅಂತ ಮತ್ತೂ ಇಳಿಸಿದ. ಕೊನೆಗೆ ಕೈಗೆ ಬಂದದ್ದು ಕೊಂಡ ಬೆಲೆಯ ಅರ್ಧಕ್ಕಿಂತ ಕಡಿಮೆ. ಆದರೂ ಇವತ್ತಿಗೂ ಬೇಜಾರಿಲ್ಲ. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ-ಬ್ರೆಸ್ಸೋನ್ ಅಂಥವರೇ ಬಹುಪಾಲು 50ರಲ್ಲೇ ತೆಗೆದರು, ನಮ್ಮದೇನು ಮಹಾ?

ಉದ್ದ ಮೂತಿ: ತಲೆಬುಡ ಇಲ್ಲದ ಮಾತು. ಕಾರ್ಟಿಯೇ-ಬ್ರೆಸ್ಸೋನ್ ಫೋಟೋಗಳ ತುಂಬಾ ಜನ, ಬೀದಿ, ಗಲಾಟೆ. ಖಾಲಿ ಫ್ರೇಮಿಗೂ ಅವರಿಗೂ ಏನು ಸಂಬಂಧ? ಫ್ರೇಮಿನಲ್ಲಿ ಕಸ ಇದೆ ಅಂತ ಲೆನ್ಸ್ ಮಾರೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಫುಲ್ ಫ್ರೇಮಿನಲ್ಲಿ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) 50 ಎಂಎಂ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡುತ್ತದೆ, 200 ಎಂಎಂ ಬರೀ 10 ಡಿಗ್ರಿ. ಪಕ್ಕದ ಕಂಬ, ಮೇಲಿನ ತಂತಿ, ಹಿಂದಿನ ಮನೆಯ ಮೂಲೆ ಎಲ್ಲಾ ಆ 30 ಡಿಗ್ರಿಯಲ್ಲೇ ಬಂದು ಕೂರುತ್ತವೆ. ಝೂಮ್ ಬೇಡ, ‘ಹತ್ತಿರ ಹೋಗಿ’ ಅಂತೀರಿ ನೀವು 50ರವರು. ಹೋದರೆ ಮರ ದೊಡ್ಡದಾಗುತ್ತದೆ, ಮರದ ಸುತ್ತಲಿನ ಖಾಲಿ ಜಾಗ ಎಲ್ಲಿ ಉಳಿಯುತ್ತದೆ?

ನಿಮ್ಮಂಥವರೊಬ್ಬರು ಕೊಟ್ಟ ಬಿಟ್ಟಿ ಸಲಹೆಯಿಂದಲೇ ನನ್ನ ಟೆಲಿ (ದೂರದ್ದನ್ನು ತೆಗೆಯುವ ಉದ್ದ ಲೆನ್ಸ್) ಮಾರಿ ಕೈಬಿಟ್ಟಿತ್ತು. ಮತ್ತೆ ಸೆಕೆಂಡ್ ಹ್ಯಾಂಡ್ ತಂದೆ, ಒಳಗೆ ಫಂಗಸ್. ಬಿಚ್ಚಿಸಿ ಕ್ಲೀನ್ ಮಾಡಿಸಿದೆ, ಫಂಗಸ್ಸಿನ ಬಲೆ ಹೋಯಿತು, ಆದರೆ ಅದು ಗಾಜಿನ ಮೇಲಿನ ಕೋಟಿಂಗನ್ನು ತಿಂದುಬಿಟ್ಟಿತ್ತು. ಈಗ ಬೆಳಕಿಗೆ ಎದುರಾಗಿ ತೆಗೆದರೆ ಇಡೀ ಚಿತ್ರ ಮಂಜು ಕವಿದ ಹಾಗೆ. ಮಾರಿದ್ದರಲ್ಲಿ ನಷ್ಟ, ಕೊಂಡಿದ್ದರಲ್ಲಿ ನಷ್ಟ, ರಿಪೇರಿಗೆ ಬೇರೆ.

ಐವತ್ತೇ ಸಾಕು: ನೋಡದೆ ಕೊಂಡರೆ ಫಂಗಸ್ಸೇ ಬರೋದು ಸರ್. ಅದಕ್ಕೇ ಟಾರ್ಚ್ ಬಿಡೋದು.

ಉದ್ದ ಮೂತಿ: ಟಾರ್ಚ್ ಬಿಟ್ಟವನ ಮೇಲೆ ಈಗ ತಾನೇ ಅಳುತ್ತಿದ್ದವರು ನೀವೇ ಅಲ್ವಾ?

ಹತ್ತು ಸ್ಟಾಪ್: ನೀವಿಬ್ಬರೂ ಸುಮ್ನೆ ಇರಿ. ಲೆನ್ಸ್ ಯಾವುದಾದರೂ ನಡೆಯುತ್ತದೆ, ಖಾಲಿ ಫ್ರೇಮಿಗಾಗಿ ನೀರು ಹಾಲಿನ ಹಾಗೆ ನಯವಾಗಬೇಕಾದರೆ ಎನ್‌ಡಿ ಫಿಲ್ಟರ್ (ಬೆಳಕು ತಡೆಯುವ ಕಪ್ಪು ಗಾಜು) ಬೇಕೇ ಬೇಕು. ಹತ್ತು ಸ್ಟಾಪಿನದ್ದು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಬೆಳಕನ್ನು ಸಾವಿರ ಪಟ್ಟು ಕಡಿಮೆ ಮಾಡುತ್ತದೆ. ಫಿಲ್ಟರ್ ಇಲ್ಲದೆ ಶಟರ್ ಸೆಕೆಂಡಿನ 1/30 ತೆರೆದಿರುತ್ತಿದ್ದದ್ದು ಹಾಕಿದ ಮೇಲೆ 34 ಸೆಕೆಂಡ್. ನನ್ನ ಮೊದಲ ಫಿಲ್ಟರ್ ಅಗ್ಗದ್ದು, ಎಲ್ಲದಕ್ಕೂ ನೇರಳೆ ಬಣ್ಣ ಬಳಿಯಿತು. ಎರಡನೆಯದು ಬಂಡೆ ಮೇಲೆ ಬಿದ್ದು ಚೂರಾಯಿತು. ಮೂರನೆಯದು ಒಳ್ಳೆಯದು, ಆದರೆ ಸ್ಟೆಪ್-ಅಪ್ ರಿಂಗ್ (ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸಿಗೆ ಕೂರಿಸುವ ಬಳೆ) ಲೆನ್ಸಿಗೆ ಕಚ್ಚಿಕೊಂಡು ಬರಲೇ ಇಲ್ಲ, ಕೊನೆಗೆ ರಿಂಗನ್ನು ಕತ್ತರಿಸಿ ತೆಗೆದರು. ಉಪ್ಪುನೀರು, ಮರಳು ಸೇರಿ ಟ್ರೈಪಾಡ್ ಕಾಲಿನ ಲಾಕ್‌ಗಳನ್ನು ತಿಂದುಹಾಕಿದವು. ಉದ್ದ ಎಕ್ಸ್‌ಪೋಶರಿನ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿ ಬರುವ ಚುಕ್ಕೆ ತೆಗೆಯುವ ಸೆಟ್ಟಿಂಗ್) ಆನ್ ಇಟ್ಟರೆ 34 ಸೆಕೆಂಡ್ ತೆಗೆದ ಮೇಲೆ ಕ್ಯಾಮೆರಾ ಇನ್ನೊಂದು 34 ಸೆಕೆಂಡ್ ಕತ್ತಲ ಫ್ರೇಮ್ ತೆಗೆಯುತ್ತಾ ಕೂರುತ್ತದೆ, ಅಷ್ಟರಲ್ಲಿ ಮೋಡ ಹೋಗಿರುತ್ತದೆ. ಇಂಗ್ಲಿಷ್ ಫೋಟೋಗ್ರಾಫರ್ ಮೈಕೇಲ್ ಕೆನ್ನಾ ಫಿಲ್ಮಿನಲ್ಲಿ ರಾತ್ರಿ ಗಂಟೆಗಟ್ಟಲೆ ಎಕ್ಸ್‌ಪೋಸ್ ಮಾಡಿದವರು, ಅವರಿಗೆ ಈ ಕಾಟವೇ ಇರಲಿಲ್ಲ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಮುಚ್ಚಿ, ಹಿಂದಿನಿಂದ ಬೆಳಕು ಸೋರುತ್ತದೆ.

ಬೂದು ಚುಕ್ಕೆ: ಅಸಲಿ ಖರ್ಚು ಯಾರೂ ಹೇಳುತ್ತಿಲ್ಲ. ಸೆನ್ಸರ್ ಮೇಲಿನ ಧೂಳು! ಸಾಮಾನು ತುಂಬಿದ ಫೋಟೋದಲ್ಲಿ ನೂರು ಕಣ ಇದ್ದರೂ ಗೊತ್ತಾಗುವುದಿಲ್ಲ. ಬಿಳಿ ಆಕಾಶದ ಫೋಟೋ ಎಫ್ 16ರಲ್ಲಿ ತೆಗೆಯಿರಿ, ಒಂದೊಂದೂ ಬೂದು ಮಚ್ಚೆಯಾಗಿ ಎದ್ದು ಕಾಣುತ್ತದೆ. ಬ್ಲೋವರ್‌ನಿಂದ ಊದಿದರೆ ಒಂದು ಮೂಲೆಯದ್ದು ಇನ್ನೊಂದು ಮೂಲೆಗೆ ಹೋಯಿತು. ದ್ರವ ಹಾಕಿ ಸ್ವಾಬ್‌ನಿಂದ ಒರೆಸಿದರೆ ಬಲತುದಿಯಲ್ಲಿ ಗೆರೆ ಉಳಿಯಿತು. ಸರ್ವಿಸಿಗೆ ಕೊಟ್ಟೆ. ಪೂರಾ ದುಡ್ಡು ತೆಗೆದುಕೊಂಡು ಒಂದು ಎಳೆ ಕೂದಲಿನ ಸಮೇತ ವಾಪಸ್ ಕೊಟ್ಟರು. ಈಗ ಕಂಪ್ಯೂಟರಿನಲ್ಲೇ ಕ್ಲೋನ್ ಮಾಡಿ (ಪಕ್ಕದ ಭಾಗ ನಕಲಿಸಿ ಮೇಲೆ ಬಳಿದು) ಅಳಿಸುತ್ತೇನೆ. ಧೂಳಿನ ಜೊತೆಗೆ ತಂತಿ, ಕಂಬ, ದೂರದ ಬೈಕು, ಎಲ್ಲಾ.

ಐವತ್ತೇ ಸಾಕು: ಧೂಳು ಅಳಿಸಿ ಮೇಡಂ, ಬೇಡ ಅನ್ನುವುದಿಲ್ಲ. ಕಂಬ ಅಳಿಸಿ ‘ಸರಳ’ ಅಂದರೆ ಮೋಸ. ಸರಳ ಅನ್ನೋದು ಕಾಲಿನಲ್ಲಿ, ನಡೆದು ಜಾಗ ಹುಡುಕಿ, ಆಗಬೇಕು, ಮೌಸಿನಲ್ಲಲ್ಲ.

ಬೂದು ಚುಕ್ಕೆ: ಮೋಸವೇ? ಜರ್ಮನ್ ಫೋಟೋಗ್ರಾಫರ್ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ಮಾಡಿದ ರೈನ್ ನದಿಯ ಚಿತ್ರ ನೋಡಿ. ಹುಲ್ಲು, ನೀರು, ಹುಲ್ಲು, ಆಕಾಶ, ಅಷ್ಟೇ. ಆಚೆ ದಡದ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. 2011ರ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಹೋಯಿತು.

ಐವತ್ತೇ ಸಾಕು: ಕಾಸು ಬಂದ ಮಾತ್ರಕ್ಕೆ ಸಾಚಾ ಆಗುತ್ತದೆಯೇ?

ಬೂದು ಚುಕ್ಕೆ: ಕಾಸು ಬಿಡಿ. ಹಾಂಗ್ ಕಾಂಗ್ ಫೋಟೋಗ್ರಾಫರ್ ಫ್ಯಾನ್ ಹೋ 1954ರಲ್ಲಿ ತೆಗೆದ ಬಿಳಿ ಗೋಡೆಯ ಫೋಟೋ ಗೊತ್ತಲ್ಲ, ಮೂಲೆಯಲ್ಲಿ ನಿಂತ ಹೆಂಗಸು, ಗೋಡೆಗೆ ಅಡ್ಡವಾಗಿ ಚೂಪು ನೆರಳು? ಆ ನೆರಳು ಗೋಡೆ ಮೇಲೆ ಇರಲೇ ಇಲ್ಲ, ಡಾರ್ಕ್‌ರೂಮಿನಲ್ಲಿ ಸೇರಿಸಿದ್ದು. ಅವರಿಗೂ ಕಾಲಲ್ಲಿ ನಡೆಯಿರಿ ಅನ್ನುತ್ತೀರಾ?

ಹತ್ತು ಸ್ಟಾಪ್: ಸೇರಿಸೋದು ಬೇರೆ, ಅಳಿಸೋದು ಬೇರೆ.

ಬೂದು ಚುಕ್ಕೆ: 34 ಸೆಕೆಂಡ್ ಶಟರ್ ತೆರೆದಿಟ್ಟು ಅಲೆಗಳನ್ನೇ ಅಳಿಸಿದವರು ಇದನ್ನು ಹೇಳಬಾರದು.

ಗಿಜಿಗಿಜಿ: ಅಂದರೆ ಟೆಲಿ ಮಾರಬಾರದಾ? ಇನ್ನೊಂದು ವಿಷಯ, ಬಿಳಿ ಗೋಡೆ ತೆಗೆದರೆ ನನಗೆ ಬೂದು ಬಣ್ಣವೇ ಬರುತ್ತದೆ.

ಉದ್ದ ಮೂತಿ: ಮಾರಬೇಡಿ. ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿಯನ್ನೂ ಬೂದು ಅಂದುಕೊಳ್ಳುತ್ತದೆ, ಎಕ್ಸ್‌ಪೋಶರ್ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ. 50ರವರು ಇದನ್ನಾದರೂ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಐವತ್ತೇ ಸಾಕು: ಒಂದು ಸಾಕು. ಒಂದೂವರೆ ಏರಿಸಿದರೆ ಬಿಸಿಲಿನ ಗೋಡೆಯ ಗಾರೆಯ ವಿವರ ಎಲ್ಲಾ ಬರೀ ಬಿಳಿಯಾಗಿ ಹಾರಿಹೋಗುತ್ತದೆ.

ಉದ್ದ ಮೂತಿ: ರಾ ಫೈಲಿನಲ್ಲಿ (ಕ್ಯಾಮೆರಾ ಕೈಯಾಡಿಸದ ಮೂಲ ಫೈಲು) ಹೋಗಲ್ಲ. ನೀವು ಜೆಪೆಗ್ ತೆಗೆಯುತ್ತೀರಾ?

ಐವತ್ತೇ ಸಾಕು: ಹೌದು, ಜೆಪೆಗ್ಗೇ. ಏನೀಗ?