ಬ್ಯಾಂಡ್‌ನ ಕೊನೆ ಶೋಗೆ ದುಡ್ಡು ಸುರಿಯಬೇಕಾ? ಹೋದವರು, ಬಿಟ್ಟವರು ಹೇಳಿ

ಲೀಡ್ಸ್‌ನ ಮಂಗಳೂರಿಗ:
ಮುಂದಿನ ಆಲ್ಬಮ್ಮೇ ಕೊನೆ, 2026ರಲ್ಲಿ ವಿದಾಯದ ಟೂರ್ ಎಂದು ಮೆಟಲ್ ಬ್ಯಾಂಡ್ ಮೆಗಾಡೆತ್ 2025ರ ಆಗಸ್ಟ್‌ನಲ್ಲಿ ಹೇಳಿತ್ತು. ನಾನಿಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಅಕ್ಕನ ಮದುವೆಗೆ ಊರಿಗೆ ಹೋಗಲು 600 ಪೌಂಡ್ ಕೂಡಿಟ್ಟಿದ್ದೇನೆ. ಅದರಲ್ಲಿ 200 ತೆಗೆಯಲಾ?

ಗ್ಲಾಸ್ಗೋ ಹಾಸನ:
2025ರ ಜುಲೈ 5, ಬ್ಲ್ಯಾಕ್ ಸಬಾತ್‌ನ ಕೊನೆ ಶೋ. ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾನಿದ್ದೆ. ಟಿಕೆಟ್ ನಿಮಿಷಗಳಲ್ಲಿ ಖಾಲಿ. ಕೊನೆಗೆ ಬೇರೆಯವರಿಂದ 480 ಪೌಂಡ್ ಕೊಟ್ಟು ಕೊಂಡೆ. ರೈಲಿಗೆ 94. ದಿನವೂ 35ಕ್ಕೆ ಸಿಗುವ ಹಾಸ್ಟೆಲ್ ಮಂಚಕ್ಕೆ ಆವತ್ತು 110. ಆ ತಿಂಗಳ ಬಾಡಿಗೆಗೆ ತಮ್ಮನ ಹತ್ತಿರ ಸಾಲ ಮಾಡಿದೆ. ಹೆಂಡತಿ ಎರಡು ವಾರ ಮಾತು ಬಿಟ್ಟಳು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ಹಾಡುಗಾರ ಓಝಿಗೆ ನಿಲ್ಲಲು ಆಗುತ್ತಿರಲಿಲ್ಲ. ಕಪ್ಪು ಸಿಂಹಾಸನದಲ್ಲಿ ಕೂತೇ ಹಾಡಿದರು. ಬ್ಯಾಂಡ್‌ನ ನಾಲ್ವರೂ ಬೆಳೆದ ಆಸ್ಟನ್ ಬಡಾವಣೆ ಅಲ್ಲೇ. 17 ದಿನಕ್ಕೆ ಓಝಿ ತೀರಿಕೊಂಡರು. ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಒಂದು ಪೆನ್ನಿಯೂ ದಂಡ ಅಲ್ಲ.

ಡಲ್ಲಾಸ್ ಮಂಡ್ಯ:
ನನ್ನ ಕಥೆ ಕೇಳಿ. ಏರೋಸ್ಮಿತ್‌ನ ಕೊನೆ ಟೂರ್. ಅವರ ಊರು ಬಾಸ್ಟನ್‌ನಲ್ಲೇ ನೋಡಬೇಕು ಎಂದು ಇಬ್ಬರಿಗೆ ವಿಮಾನ 612 ಡಾಲರ್, ಹೋಟೆಲ್ 388. 2023ರ ಸೆಪ್ಟೆಂಬರ್‌ನಲ್ಲಿ ಮೂರನೇ ಶೋಗೇ ಹಾಡುಗಾರ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಯಿತು. ಮುಂದಕ್ಕೆ ಹಾಕಿದರು. ಕಾದೆ. 2024ರ ಆಗಸ್ಟ್‌ನಲ್ಲಿ ಟೂರ್ ಮಾಡುವುದೇ ಇಲ್ಲ ಎಂದರು. ಟೈಲರ್ ಮೇಲೆ ನನಗೆ ಕೋಪ ಇಲ್ಲ, ಪಾಪ, ದನಿಪೆಟ್ಟಿಗೆಯೇ ಮುರಿದಿತ್ತು. ಟಿಕೆಟ್ ದುಡ್ಡು ವಾಪಸ್ ಬಂತು. ವಿಮಾನದವರು ಕೊಟ್ಟಿದ್ದು 140 ಡಾಲರ್‌ನ ಕೂಪನ್. ಅದನ್ನು ಬಳಸುವ ಮೊದಲೇ ಅವಧಿ ಮುಗಿಯಿತು. ಹೋಟೆಲ್‌ನವರು ಸೊನ್ನೆ. ಹನ್ನೊಂದು ಮೇಲ್ ಬರೆದಿದ್ದೇನೆ.
ಇನ್ನೊಂದು ಮಾತು. ಕಿಸ್ ಬ್ಯಾಂಡ್‌ನವರು 2000ದಲ್ಲೇ ವಿದಾಯದ ಟೂರ್ ಮಾಡಿದ್ದರು. ಕೊನೆ ಶೋ ಆಗಿದ್ದು 2023ರ ಡಿಸೆಂಬರ್ 2ಕ್ಕೆ. ‘ಕೊನೆ’ ಅಂದರೆ ನಂಬಿಬಿಡುವುದಾ?

ಕವೆಂಟ್ರಿ ಶಿವಮೊಗ್ಗ:
ಹಾಸನದವರೇ, ಸಬಾತ್ ಬಾರಿಸಿದ ನಾಲ್ಕು ಹಾಡಿಗೆ 480 ಪೌಂಡಾ? ಅವರು ಟೂರ್ ಮುಗಿಸಿದ್ದು 2017ರ ಫೆಬ್ರವರಿ 4ಕ್ಕೆ, ಬರ್ಮಿಂಗ್‌ಹ್ಯಾಮ್‌ನ ಜೆಂಟಿಂಗ್ ಅರೀನಾದಲ್ಲಿ. ಟೂರ್ ಹೆಸರೇ ‘ದಿ ಎಂಡ್’. 85 ಪೌಂಡ್‌ಗೆ ಪೂರ್ತಿ ಶೋ ನೋಡಿದೆ. ಓಝಿ ನಿಂತು ಹಾಡಿದ್ದನ್ನು ನೋಡಿದೆ. ನಿಮ್ಮದು ಚಾರಿಟಿಗೆ ಮಾಡಿದ ಕಾರ್ಯಕ್ರಮ.

ಗ್ಲಾಸ್ಗೋ ಹಾಸನ:
ನಿಮ್ಮ 2017ರಲ್ಲಿ ಮೂಲ ಡ್ರಮ್ಮರ್ ಬಿಲ್ ವಾರ್ಡ್ ಎಲ್ಲಿದ್ದರು ಸಾರ್? ಮೂಲ ನಾಲ್ವರು 20 ವರ್ಷದ ಮೇಲೆ ಒಟ್ಟಿಗೆ ನಿಂತಿದ್ದು ವಿಲ್ಲಾ ಪಾರ್ಕ್‌ನಲ್ಲಿ. ಬಿಲ್ ವಾರ್ಡ್ ಇಲ್ಲದ್ದು ಮುಕ್ಕಾಲು ಸಬಾತ್. ಮಕ್ಕಳ ಆಸ್ಪತ್ರೆಗೆ ದುಡ್ಡು ಹೋದರೆ ಶೋ ಸಣ್ಣದಾಗುತ್ತಾ?

ಕವೆಂಟ್ರಿ ಶಿವಮೊಗ್ಗ:
ಮುಕ್ಕಾಲು ಅನ್ನಬೇಡಿ. ವಾರ್ಡ್ ಜಾಗದಲ್ಲಿ ಟಾಮಿ ಕ್ಲುಫೆಟೋಸ್ ಡ್ರಮ್ ಬಾರಿಸಿದ್ದನ್ನು ಎದುರು ನಿಂತು ಕೇಳಿದ್ದೀರಾ? ಕೇಳದೆ ಮಾತಾಡಬೇಡಿ.

ದಾವಣಗೆರೆ ಡ್ರಮ್ಮರ್:
ನಾನು ವಿಲ್ಲಾ ಪಾರ್ಕ್ ಶೋ ಮೊಬೈಲ್‌ನಲ್ಲಿ ನೋಡಿದವನು. ಲೈವ್‌ಗೆ ಸುಮಾರು 25 ಪೌಂಡ್. ಅದೂ ಎರಡು ಗಂಟೆ ತಡವಾಗಿ ಬರುವ ಲೈವ್. ನನ್ನ ಕಾರ್ಡ್ ಎರಡು ಸಲ ತಿರಸ್ಕಾರವಾಗಿ, ದುಬೈನ ಭಾವನ ಕಾರ್ಡ್‌ನಲ್ಲಿ ಕಟ್ಟಿಸಿದೆ. ಬೆಳಗಿನ ಜಾವದವರೆಗೆ ಎದ್ದಿದ್ದೆ. ಸಬಾತ್ ಬರುವ ಹೊತ್ತಿಗೆ ಕರೆಂಟ್ ಹೋಯಿತು, ವೈಫೈ ಹೋಯಿತು. ಮೊಬೈಲ್ ಡೇಟಾದಲ್ಲಿ ನಿಂತು ನಿಂತು ಬಂತು. ‘ಐರನ್ ಮ್ಯಾನ್’ ಹಾಡು ಅರ್ಧವೇ ಸಿಕ್ಕಿತು.

ಪ್ಯಾಲೇಸ್ ಗ್ರೌಂಡ್ಸ್ 2007:
ಬೆಂಗಳೂರಿಗೆ ಐರನ್ ಮೇಡನ್ ಬಂದಾಗ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ಬ್ಯಾಂಡ್ ಗಟ್ಟಿಯಾಗಿರುವಾಗಲೇ ನೋಡಬೇಕು. ಕೂತು ಹಾಡುವವರನ್ನು ನೋಡಿ ಅಳುವುದು ಸಂಗೀತ ಕೇಳಿದಂತೆ ಆಗುವುದಿಲ್ಲ.

ಗ್ಲಾಸ್ಗೋ ಹಾಸನ:
ಕೂತು ಹಾಡಿದರೆ ಏನು ಕಮ್ಮಿ? ನಮ್ಮ ಸಂಗೀತ ಕಛೇರಿಯಲ್ಲಿ ಎಲ್ಲರೂ ಕೂತೇ ಹಾಡುವುದು. ದಯವಿಟ್ಟು ಓಝಿ ಬಗ್ಗೆ ಹಾಗೆ ಬರೆಯಬೇಡಿ.

ಲೀಡ್ಸ್‌ನ ಮಂಗಳೂರಿಗ:
ನಾನು ಕೇಳಿದ್ದು ಮದುವೆ ದುಡ್ಡಿನ ವಿಷಯ.

ದಾವಣಗೆರೆ ಡ್ರಮ್ಮರ್:
ಶಿವಮೊಗ್ಗದವರೇ, ಡ್ರಮ್ ಮುಂದೆ ಇಪ್ಪತ್ತು ವರ್ಷ ಕೂತವನು ಹೇಳುತ್ತೇನೆ. ಕ್ಲುಫೆಟೋಸ್ ಕೈ ಗಟ್ಟಿ, ಒಪ್ಪುತ್ತೇನೆ. ಆದರೆ ವಾರ್ಡ್ ಜಾಝ್ ಕೇಳಿ ಬೆಳೆದವರು, ಪೆಟ್ಟು ಚೂರು ತೂಗಾಡುತ್ತೆ. 77ನೇ ವಯಸ್ಸಿನಲ್ಲಿ ಅಂಗಿ ಬಿಚ್ಚಿ ಕೂತು ಬಾರಿಸಿದಾಗಲೂ ಆ ತೂಗಾಟ ಇತ್ತು. ಅರ್ಧ ಹಾಡಿನಲ್ಲೇ ನನಗೆ ಗೊತ್ತಾಯಿತು.